ಉಣ್ಣೆಯ ದಾರ, ಬೆಳ್ಳಿಯ ಕರಡಿಗೆ

ಲಂಡನ್ನಿನಿಂದ ಬಂದ ಮೇಲೆ ಚಿತ್ತಾಪುರದ ಕಚೇರಿ ಕಟ್ಟೆಯ ಮೇಲೆ ನಾನು ಕುಳಿತರೆ ಸಾಕು, ಜನ ಸುತ್ತುವರಿಯುತ್ತಾರೆ. ಬಾದಶಹನನ್ನು ಕಂಡಿರಾ, ಅಲ್ಲಿಯ ಹೆಂಗಸರು ಹೇಗಿದ್ದಾರೆ, ಹೊಟ್ಟೆಗೆ ಏನು ಮಾಡಿದಿರಿ, ಇವೇ ಪ್ರಶ್ನೆಗಳು. ಬಾದಶಹನನ್ನು ನಾನು ಕಾಣಲಿಲ್ಲ, ಅವನೂ ನನ್ನನ್ನು ಕಾಣಲಿಲ್ಲ, ಇಬ್ಬರಿಗೂ ನಷ್ಟವಾಗಿಲ್ಲ. ನಾನು ಸರಿಯಾಗಿ ನೋಡಿ ಬಂದದ್ದು ಒಂದು ಉಣ್ಣೆಯ ದಾರವನ್ನು. ಅದನ್ನು ಹೇಳಲು ಹೊರಟರೆ ಕಟ್ಟೆಯ ಮೇಲಿನವರು ಆಕಳಿಸುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ. ಆಕಳಿಸಿದರೂ ಕಾಗದಕ್ಕೆ ಬೇಸರವಿಲ್ಲ.

ವಾಡಿ

ನಾನು ಚಿತ್ತಾಪುರದ ಮುನ್ಸಿಫ್ ಕೋರ್ಟಿನಲ್ಲಿ ವಕೀಲ. ಬಾಯಿಗೆ ಕೆಲಸ, ಕಾಲಿಗೆ ರಜೆ. ರೈಲು ಹೊರಟುಬಿಟ್ಟರೆ ಓಡಿ ಹತ್ತುವವನಲ್ಲ, ಮುಂದಿನ ರೈಲಿಗೆ ಕಾಯುವವನು. ನಮ್ಮಕ್ಕ ನೀಲಮ್ಮನ ಮಗ ಚನ್ನಬಸು ಮಾತ್ರ ನಡೆಯಲು ಕಲಿಯುವ ಮೊದಲೇ ಓಡಿದವ. ಅವರ ಮನೆ ಸೇಡಂನಲ್ಲಿ, ಕಾಗಿಣಾ ಹೊಳೆಯ ದಂಡೆಗೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಕಾದಾಗ ಅದರ ಮೇಲೆ ಬರಿಗಾಲಲ್ಲಿ ಓಡುತ್ತಿದ್ದ. ನಿಧಾನವಾಗಿ ಓಡಿದರೆ ಕಾಲು ಸುಡುತ್ತಿತ್ತು, ಅವನ ವೇಗದ ಗುಟ್ಟು ಅಷ್ಟೇ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಹೈದರಾಬಾದಿನ ಕಾಲೇಜಿಗೆ ಹೋದ ಮೇಲೆ ಅಲ್ಲಿಯ ದೊಡ್ಡವರ ಕಣ್ಣಿಗೆ ಬಿದ್ದ. ಅಲ್ಲಿಂದ ಒಂದು ಓಟ ಇನ್ನೊಂದು ಓಟಕ್ಕೆ ಕರೆದುಕೊಂಡು ಹೋಗಿ, ಕೊನೆಗೆ ಆಂಗ್ಲರ ಬಾದಶಾಹಿಯ ಎಲ್ಲ ಸೀಮೆಗಳ ಹುಡುಗರು ಸೇರುವ ಲಂಡನ್ನಿನ ಕ್ರೀಡಾಕೂಟಕ್ಕೆ, ನೂರು ಗಜದ ಓಟಕ್ಕೆ, ಅವನ ಹೆಸರು ಬಂತು.

ಅಕ್ಕ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದಳು, ಆದರೆ ನಾನು ಜೊತೆಗೆ ಹೋಗಬೇಕು. ನನ್ನ ತಲೆಗೆ ಇದು ಯಾಕೆ ಬಂತೆಂದು ಕೇಳಬಹುದು. ಚನ್ನಬಸುವಿನ ತಂದೆ ಅವನು ಚಿಕ್ಕವನಿದ್ದಾಗಲೇ ಲಿಂಗೈಕ್ಯರಾದರು. ಸೋದರಮಾವ ಎಂಬುವನು ಅಂಥ ಹೊತ್ತಿಗೇ ಇರುವುದು.

ವಾಡಿ ಜಂಕ್ಷನ್ನಿನಲ್ಲಿ ನಾವು ಮುಂಬಯಿ ಗಾಡಿ ಹತ್ತಬೇಕಿತ್ತು. ಅಲ್ಲಿಯವರೆಗೆ ಅಕ್ಕ ಬಂದಿದ್ದಳು. ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿಯ ಡಬ್ಬಿ, ಎಲ್ಲವನ್ನೂ ಎಣಿಸಿ ಹತ್ತಿಸಿದ ಮೇಲೆ ಮಗನ ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಅಂಗೈ ಇಟ್ಟಳು. ಅಲ್ಲಿ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು, ಕರಡಿಗೆಯೊಳಗೆ ಅವನ ಇಷ್ಟಲಿಂಗ. ಕರಡಿಗೆ ಅವನ ತಂದೆಯದು, ದೊಡ್ಡದು, ಭಾರದ್ದು.

"ಗೆದ್ದು ಬಾ ಅನ್ನಂಗಿಲ್ಲ ನಾ," ಅಂದಳು. "ಲಿಂಗ ಎದಿ ಮ್ಯಾಲಿಂದ ಇಳೀಬಾರದು. ಅಷ್ಟೇ. ಇದಕ್ಕ ಹೂಂ ಅನ್ನು."

"ಹೂಂ ಯವ್ವಾ," ಅಂದ ಚನ್ನಬಸು.

ಆಮೇಲೆ ನನ್ನ ಕಡೆ ತಿರುಗಿದಳು. "ನಿನಗೇನು ಹೇಳ್ಲಿ, ತಮ್ಮಾ. ನಿಂದು ಜಗಲಿ ಮ್ಯಾಲ ಇರ್ತದ."

ಮಾತು ಖರೆ. ನನ್ನ ಲಿಂಗ ಮನೆಯ ದೇವರ ಜಗಲಿಯ ಮೇಲಿರುತ್ತದೆ, ನಾನು ಕೋರ್ಟಿನಲ್ಲಿರುತ್ತೇನೆ. ಪೂಜೆಯ ಹೊತ್ತಿಗೆ ಇಬ್ಬರೂ ಭೇಟಿಯಾಗುತ್ತೇವೆ. ಇದರ ಬಗ್ಗೆ ಅಕ್ಕನ ಹತ್ತಿರ ನಾನು ಎಷ್ಟೋ ಸಲ ವಾದಿಸಿದ್ದೇನೆ, ಒಂದು ಸಲವೂ ಗೆದ್ದಿಲ್ಲ. ಗಾಡಿ ಹೊರಟಿತು. ಶಹಾಬಾದ್ ಬರುವ ಹೊತ್ತಿಗೆ ಪಕ್ಕದಲ್ಲಿ ಕುಳಿತವರಿಗೆ ನಮ್ಮ ಊರು, ಮನೆತನ, ಹೊರಟ ಕಾರಣ, ಡಬ್ಬಿಯೊಳಗಿನ ಹಿಂಡಿಗೆ ಬಿದ್ದ ಖಾರ ಎಲ್ಲ ಗೊತ್ತಾಗಿತ್ತು.

ಹಡಗು

ಹಡಗಿನ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚಿಲ್ಲ. ಹೊಟ್ಟೆಯೊಳಗೆ ಹೋದದ್ದೆಲ್ಲ ಹೊರಗೆ ಬರುತ್ತಿತ್ತು. ಏಡನ್ ದಾಟುವವರೆಗೆ ಸಮುದ್ರ ಯಾವ ಬಣ್ಣದ್ದೆಂದು ನಾನು ನೋಡಿಲ್ಲ.

ಎದ್ದು ಕೂರುವ ಶಕ್ತಿ ಬಂದ ಮೇಲೆ ಬೆಳಗಿನ ಹೊತ್ತು ಮೇಲಟ್ಟದ ಮೇಲೆ ಕುರ್ಚಿ ಹಾಕಿಸಿಕೊಂಡು ಚನ್ನಬಸು ಓಡುವುದನ್ನು ನೋಡುತ್ತಿದ್ದೆ. ಅವನ ಓಟವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಂದ ಓಡುತ್ತಿದ್ದ. ಆದರೆ ಅಟ್ಟದ ಕೊನೆ ಹತ್ತಿರ ಬಂದಾಗಲೆಲ್ಲ ಅವನ ಎಡಗೈ ತಾನಾಗಿ ಎದೆಗೆ ಹೋಗಿ ಕರಡಿಗೆಯನ್ನು ಹಿಡಿಯುತ್ತಿತ್ತು. ಹಿಡಿದಾಗ ಎಡ ಭುಜ ಒಳಗೆ ಸರಿದು ಮೈ ಓರೆಯಾಗುತ್ತಿತ್ತು.

"ಅದೇನೋ ಅದು, ಕೊನಿಗೆ ಎದಿ ಹಿಡ್ಕೋತಿ?" ಅಂದೆ.

ಅವನಿಗೆ ಆಶ್ಚರ್ಯವಾಯಿತು. "ಹಿಡ್ಕೋತೀನೇನು? ನನಗ ಗೊತ್ತೇ ಇಲ್ಲ ಮಾಮಾ. ಸಣ್ಣವ ಇದ್ದಾಗ ಇದು ಕುಣದು ಕುಣದು ಎದಿಗೆ ಬಡೀತಿತ್ತು. ಆವಾಗಿಂದ ಕೈಗೆ ರೂಢಿ ಬಿದ್ದದೇನೋ."

ಅಪ್ಪನ ಕರಡಿಗೆಯನ್ನು ಮಗನ ಕೊರಳಿಗೆ ಹಾಕಿದಾಗ ಅದು ಅವನ ಹೊಟ್ಟೆಯವರೆಗೆ ಇಳಿಯುತ್ತಿತ್ತು. ಹುಡುಗ ಬೆಳೆದ, ಕೈಯ ರೂಢಿ ಹಾಗೇ ಉಳಿಯಿತು. ಅಂದು ನಾನು ಅದನ್ನು ಅಷ್ಟಕ್ಕೇ ಬಿಟ್ಟೆ.

ಲಂಡನ್

ತಂಡದ ಹುಡುಗರೆಲ್ಲ ಒಂದು ಕಡೆ ಇಳಿದುಕೊಂಡರು. ತಂಡದ ಸಾಹೇಬರು, ಪಂಜಾಬಿನ ಕಡೆಯ ಎತ್ತರದ ಮನುಷ್ಯ, ಚನ್ನಬಸು ನನ್ನ ಬಾಡಿಗೆ ಕೋಣೆಯಲ್ಲೇ ಉಂಡು ಮಲಗಲು ಒಪ್ಪಿದರು. ಮಾಂಸದ ಸಾರಿನ ವಾಸನೆಗೇ ಅವನು ಎದ್ದು ಹೋಗುವುದನ್ನು ಅವರು ಹಡಗಿನಲ್ಲಿ ನೋಡಿದ್ದರು.

ಮನೆಯ ಯಜಮಾನಿ ಒಬ್ಬ ವಿಧವೆ. ಮಾತು ಕಡಿಮೆ, ಕಣ್ಣು ಚುರುಕು. ಮೊದಲ ಸಂಜೆ ನಾನು ಅವಳ ಅಡಿಗೆಮನೆಯಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದೆ. ಹೆಂಡತಿ ಬಡಿಯುವುದನ್ನು ನೋಡಿ ಇದೇನು ಮಹಾ ಅಂದುಕೊಂಡಿದ್ದೆ. ರೊಟ್ಟಿ ಹರಿಯಿತು, ಸದ್ದು ಮಾತ್ರ ಜೋರಾಗಿ ಬಂತು. ಯಜಮಾನಿ ಮೆಟ್ಟಿಲಿಳಿದು ಓಡಿ ಬಂದಳು. ಹುಡುಗನನ್ನು ನಾನು ಹೊಡೆಯುತ್ತಿದ್ದೇನೆ ಎಂದು ತಿಳಿದಿದ್ದಳು. ಹುಡುಗ ಮೂಲೆಯಲ್ಲಿ ಕುಳಿತು ನಗುತ್ತಿದ್ದ. ಎರಡನೆಯ ದಿನದಿಂದ ಅವನೇ ಬಡಿದ. ಅವನ ಕೈ ನನ್ನದಕ್ಕಿಂತ ಹಗುರ, ಅವಳು ಮತ್ತೆ ಇಳಿದು ಬರಲಿಲ್ಲ.

ಆ ಊರಿನಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ರೈಲಿನಲ್ಲಿ ಒಂದೇ ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕಾಲು ತಗುಲಿಸಿ ಕುಳಿತು ಗಂಟೆಗಟ್ಟಲೆ ಪಯಣ ಮಾಡುತ್ತಾರೆ, ಹೆಸರು ಕೇಳುವುದಿಲ್ಲ. ಕೇಳಿದರೆ ಮಳೆಯ ಬಗ್ಗೆ ಕೇಳುತ್ತಾರೆ, ಅದು ಕಿಟಕಿಯಲ್ಲೇ ಕಾಣುತ್ತಿರುತ್ತದೆ. ಮೊದಲು ನನಗೆ ಇದು ಗರ್ವವೆನಿಸಿತು. ಆಮೇಲೆ ನನ್ನ ತಲೆಯ ದೊಡ್ಡ ರುಮಾಲನ್ನು ನೋಡಿಯೂ ಯಾರೂ ಏನೂ ಅನ್ನದಿದ್ದಾಗ ಅದರಲ್ಲಿ ಒಂದು ಮರ್ಯಾದೆಯೂ ಇದೆ ಎಂದು ತಿಳಿಯಿತು. ಆದರೂ ಊಟವಾಯಿತೇ ಎಂದು ಒಬ್ಬರೂ ಕೇಳದ ಊರಿನಲ್ಲಿ ಹೊಟ್ಟೆ ತುಂಬಿದ್ದರೂ ತುಂಬಿದಂತಾಗುವುದಿಲ್ಲ.

ಮೈದಾನ, ಮೊದಲ ದಿನ

ಓಟದ ಹಾದಿ ಮಣ್ಣಿನದಲ್ಲ, ಮರಳಿನದಲ್ಲ. ಇಜ್ಜಲಿನ ಕಪ್ಪು ಬೂದಿಯನ್ನು ಹಾಸಿ ಉರುಳುಗಲ್ಲು ಹೊಡೆದಿದ್ದರು. ವಾಡಿಯ ಇಂಜಿನ್ ಶೆಡ್ಡಿನ ಹಿಂದೆ ರಾಶಿ ಬಿದ್ದಿರುವ ಬೂದಿಯೇ ಅದು. ನಮ್ಮಲ್ಲಿ ಅದರ ಮೇಲೆ ಹಂದಿಗಳು ಮಲಗುತ್ತವೆ, ಅಲ್ಲಿ ಲೋಕದ ವೇಗದ ಹುಡುಗರು ಓಡುತ್ತಾರೆ.

ಓಡುವವರು ಹೊರಡುವ ಗೆರೆಯ ಹಿಂದೆ ಪಾದ ಊರಲು ಸಣ್ಣ ಕುಣಿ ತೋಡಿಕೊಳ್ಳಬೇಕು. ಎಲ್ಲರೂ ಹೊಳೆಯುವ ಪುಟ್ಟ ಕರಣೆ ತಂದಿದ್ದರು. ಚನ್ನಬಸು ಚೀಲದಿಂದ ತೆಗೆದದ್ದು ಸೇಡಂನ ಖುರ್ಪಿ, ನಮ್ಮ ಹೆಣ್ಣಾಳುಗಳು ಜೋಳದ ಹೊಲದಲ್ಲಿ ಕಸ ತೆಗೆಯುವುದು. ಪಕ್ಕದ ಹಾದಿಯ ಹುಡುಗ ಅದನ್ನು ನೋಡಿ ನಕ್ಕ. ಎರಡೇ ಏಟಿಗೆ ಕುಣಿಯಾದದ್ದನ್ನು ನೋಡಿ ಕೈ ಚಾಚಿ ತಾನೂ ಇಸಿದುಕೊಂಡ.

ನಾನು ಗೆಲ್ಲುವ ಗೆರೆಯ ಸಮಕ್ಕೆ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬ ಮುದುಕಿ ಬಿಳಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ಕೈ ತನ್ನ ಪಾಡಿಗೆ ಹೆಣೆಯುತ್ತಿತ್ತು, ಕಣ್ಣು ಓಟದ ಮೇಲಿತ್ತು. ಗೆರೆಯ ಮೇಲೆ ಎರಡು ಗೂಟಗಳ ನಡುವೆ ಎದೆಯ ಎತ್ತರಕ್ಕೆ ಬಿಳಿ ದಾರ ಕಟ್ಟಿದ್ದರು. ಯಾರ ಎದೆ ಅದನ್ನು ಮೊದಲು ಮುಟ್ಟುತ್ತದೆಯೋ ಅವನು ಗೆದ್ದ.

ಪಿಸ್ತೂಲು ಹಾರಿತು. ನಾನು ಎದ್ದು ನಿಂತಿದ್ದೆನಂತೆ, ನನಗೆ ನೆನಪಿಲ್ಲ. ಅರ್ಧ ಹಾದಿಗೆ ಚನ್ನಬಸು ಎಲ್ಲರಿಗಿಂತ ಮುಂದಿದ್ದ. ಕೊನೆಯವರೆಗೂ ಮುಂದಿದ್ದ. ದಾರ ಇನ್ನೊಂದು ಹೆಜ್ಜೆ ಇರುವಾಗ ಆ ಎಡಗೈ ಎದೆಗೆ ಹೋಯಿತು, ಭುಜ ಒಳಗೆ ಸರಿಯಿತು, ಮೈ ಓರೆಯಾಯಿತು. ಹಿಂದಿದ್ದ ಒಬ್ಬ ಬಿಳಿ ಹುಡುಗ ಎದೆಯನ್ನು ಮುಂದಕ್ಕೆ ಎಸೆದು ದಾರವನ್ನು ಒಯ್ದುಬಿಟ್ಟ.

ಇಬ್ಬರು ಮುಂದಿನ ಸುತ್ತಿಗೆ ಹೋಗುತ್ತಿದ್ದರು, ಹಾಗಾಗಿ ಇವನೂ ಹೋದ. ಆದರೆ ಗೆದ್ದವರ ಮುಖ ಅವನದಾಗಿರಲಿಲ್ಲ. ಮುದುಕಿ ಮೊದಲ ಸಲ ನನ್ನ ಜೊತೆ ಮಾತಾಡಿದಳು. ನಿಮ್ಮ ಹುಡುಗನಿಗೆ ದಾರದ ಹೆದರಿಕೆಯೇ ಎಂದು ಕೇಳಿದಳು. ಅವನು ನಮ್ಮ ಹುಡುಗ ಎಂದು ಹೇಗೆ ಗೊತ್ತಾಯಿತು ಅಂದೆ. ನೀವು ಎದ್ದು ನಿಂತು ಅಷ್ಟೊತ್ತು ಅವನನ್ನು ಬಯ್ಯುತ್ತಿದ್ದಿರಲ್ಲ ಅಂದಳು. ನಂತರ ತನ್ನ ಉಂಡೆಯಿಂದ ಒಂದು ಮಾರು ಉಣ್ಣೆ ಹರಿದು ನನ್ನ ಕೈಗೆ ಕೊಟ್ಟಳು. ಗೆರೆಯ ಮೇಲೆ ಕಟ್ಟುವುದೂ ಇದೇ, ನೋವಾಗುವುದಿಲ್ಲವೆಂದು ಅವನಿಗೆ ತೋರಿಸಿ ಎಂದಳು. ಹೆಸರು ಕೇಳದ ಊರಿನಲ್ಲಿ ಆ ಒಂದು ಮಾರು ಉಣ್ಣೆ ನನಗೆ ದೊಡ್ಡದೆನಿಸಿತು.

ಅದೇ ಸಂಜೆ

ಅಲ್ಲಿ ಬೇಸಿಗೆಯ ಸಂಜೆ ಮುಗಿಯುವುದಿಲ್ಲ. ಉಂಡು ಕೈ ತೊಳೆದರೂ ಬಿಸಿಲು ಕಿಟಕಿಯಲ್ಲಿ ಕುಳಿತೇ ಇರುತ್ತದೆ. ನಾನು ಮನೆಯ ಓಣಿಯಂಥ ನಡುಹಾದಿಯಲ್ಲಿ ಎರಡು ಬಾಗಿಲ ಹಿಡಿಕೆಗಳ ನಡುವೆ ಉಣ್ಣೆ ಕಟ್ಟಿದೆ. ಚನ್ನಬಸು ಆ ಕಡೆಯಿಂದ ಓಡಿ ಬಂದ. ಕೈ ಎದೆಗೆ ಹೋಯಿತು. ಹರಿದ ದಾರಕ್ಕೆ ಗಂಟು ಹಾಕಿ ಮತ್ತೆ ಕಟ್ಟಿದೆ. ಮತ್ತೆ ಕೈ ಹೋಯಿತು. ದಾರ ಗಂಟುಗಳಿಂದ ತುಂಬಿ ಗಿಡ್ಡವಾಗುವವರೆಗೆ ಮಾಡಿದೆವು. ಅದು ದಾರದ ಹೆದರಿಕೆಯಲ್ಲ. ಎದೆಯ ಮೇಲೆ ಕರಡಿಗೆ ಕುಣಿಯುತ್ತಿರುವವರೆಗೆ ಆ ಕೈ ಮಾತು ಕೇಳುವುದಿಲ್ಲ.

ತಂಡದ ಸಾಹೇಬರು ಮಧ್ಯಾಹ್ನವೇ ಅವನಿಗೆ ಹೇಳಿದ್ದರಂತೆ, ನಾಳೆ ಅದನ್ನು ತೆಗೆದಿಟ್ಟು ಓಡು ಎಂದು.

ನಾನು ಕುರ್ಚಿ ಎಳೆದು ಕುಳಿತೆ. ವಾದ ಮಾಡಲು ನನಗೆ ಬರುತ್ತದೆ. "ಸಾಹೇಬರ ಮಾತು ಸುಳ್ಳಲ್ಲ. ಒಂದು ಉಸಿರಿನ ಓಟ. ನನ್ನ ಕೈಯಾಗ ಕೊಡು, ಓಡು, ಬಂದು ಹಾಕ್ಕೋ. ಲಿಂಗ ಎಲ್ಲಿ ಹೋಗ್ತದ? ಇದೇನು ಪಾಪ ಅಂತ ನನಗ ಅನಸಂಗಿಲ್ಲ."

"ಯವ್ವಗ ಹೂಂ ಅಂದೀನಿ."

"ಅಕ್ಕ ಸೇಡಂದಾಗ ಅದಾಳ."

"ಅದಕ್ಕೇ ಮಾಮಾ," ಅಂದ. "ಎದುರಿಗಿದ್ರ ಕೇಳ್ತಿದ್ದೆ."

ಆದರೂ ನಾನು ಬಿಡಲಿಲ್ಲ, ಹೇಳುತ್ತಲೇ ಹೋದೆ. ಇಷ್ಟು ದೂರ ಬಂದದ್ದು, ಒಂದು ಗೇಣಿನಿಂದ ಹೋಗುವುದು, ಮತ್ತೆ ಇಂಥ ದಿನ ಬರದಿರುವುದು. ಅವನು ತಲೆ ತಗ್ಗಿಸಿ ಕೇಳಿದ. ಅವನಿಗೆ ಓಡುವ ಆಸೆ ಎಷ್ಟಿತ್ತೆಂದರೆ ಅವನ ಕಾಲ್ಬೆರಳುಗಳು ನೆಲವನ್ನು ಕೆರೆಯುತ್ತಿದ್ದವು. ನನಗೆ ಅವನ ಮೇಲೆ ಮರುಕ ಬಂತು. ಹೇಗಾದರೂ ಮಾಡಿ ಒಪ್ಪಿಸಬೇಕು ಅನ್ನಿಸಿತು.

ಮೈದಾನ, ಎರಡನೆಯ ದಿನ

ಮೂವರು ಕೊನೆಯ ಓಟಕ್ಕೆ ಹೋಗುವ ಸುತ್ತು ಅದು. ಹೆಸರು ಕರೆಯುವುದಕ್ಕೆ ಸ್ವಲ್ಪ ಮೊದಲು ಚನ್ನಬಸು ನಾನು ನಿಂತಿದ್ದ ಕಟಕಟೆಯ ಹತ್ತಿರ ಬಂದ. ಮುಖ ಒಣಗಿತ್ತು. ಕೊರಳಿಂದ ಶಿವದಾರ ತೆಗೆದ, ಕರಡಿಗೆ ಬಿಚ್ಚಿದ, ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟು ನನ್ನ ಮುಂದೆ ಹಿಡಿದ.

"ಹಿಡಿ ಮಾಮಾ. ನೀ ಹೇಳಿದಂಗೇ ಆಗ್ಲಿ."

ನಾನು ಗೆದ್ದಿದ್ದೆ. ಇನ್ನು ಕೈ ಚಾಚುವುದೊಂದೇ ಬಾಕಿ.

ಅವನ ತಂದೆಯನ್ನು ಸೇಡಂನ ಹೊಲದಲ್ಲಿ ಸಮಾಧಿಗೆ ಇಳಿಸಿದಾಗ ಒಳಗೆ ಇಳಿದು ಕೂರಿಸಿದವರಲ್ಲಿ ನಾನೊಬ್ಬ. ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸುತ್ತಾರೆ. ಬೆರಳು ಮಡಿಯದಾಗ ನಾನೇ ಹಿಡಿದು ಮಡಿಸಿದ್ದೆ. ಹುಡುಗ ಮೇಲೆ ಅಂಚಿನಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದ. ಈಗ ಅವನ ಅಂಗೈ ನನ್ನ ಮುಂದಿತ್ತು, ಅಪ್ಪನ ಅಂಗೈಯಷ್ಟೇ ಅಗಲ, ಅದೇ ಎಡಗೈ, ಅದರ ಮೇಲೆ ಲಿಂಗ. ನನ್ನ ಕೈ ಮೇಲೇಳಲಿಲ್ಲ. ಹೆದರಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ನನಗೆ ಹೆದರಿಕೆಯಾಯಿತು, ಕಣ್ಣು ತುಂಬಿತು.

"ಬ್ಯಾಡ," ಅಂದೆ. "ಕಟ್ಕೋ."

"ಎಲ್ಲಿ ಕಟ್ಕೋಳ್ಳಿ? ಎದಿ ಮ್ಯಾಲ ಇದ್ರ ಕೈ ಹೋಗ್ತದ."

ತಲೆಯ ಮೇಲಿನ ರುಮಾಲು ತೆಗೆದೆ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದೆ, ಉದ್ದಕ್ಕೆ ಒಂದು ಪಟ್ಟಿ ಬಂತು. ನಮ್ಮ ಕಡೆ ಬರಿದಲೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲುವುದು ಎಂಥದೆಂದು ನಿಮಗೆ ಗೊತ್ತು. ಅಲ್ಲಿ ಸಾವಿರಾರು ಜನ, ಒಬ್ಬರೂ ನೋಡಲಿಲ್ಲ, ಆದರೂ ತಲೆಗೆ ಚಳಿಯಾಯಿತು. ಅವನ ಬನಿಯನ್ನು ಎತ್ತಿಸಿ, ಲಿಂಗವನ್ನು ಎಡಗಡೆ ಕಂಕುಳ ಕೆಳಗೆ ಪಕ್ಕೆಲುಬಿಗೆ ಒತ್ತಿ, ಪಟ್ಟಿಯನ್ನು ಎದೆ ಬೆನ್ನು ಸುತ್ತಿ ಭುಜದ ಮೇಲಿಂದ ತಂದು ಗಂಟು ಹಾಕಿದೆ. ಮೇಲೆ ಇನ್ನೊಂದು ಗಂಟು. ಖಾಲಿ ಕರಡಿಗೆಯನ್ನೂ ಶಿವದಾರವನ್ನೂ ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ.

"ಜಿಗದು ನೋಡು," ಅಂದೆ. ಜಿಗಿದ. ಏನೂ ಕುಣಿಯಲಿಲ್ಲ. ಉಸಿರಾಡಲಿಕ್ಕೆ ಬರುತ್ತದೇನು ಎಂದು ಕೇಳಿದೆ. ಓಡುವಷ್ಟು ಬರುತ್ತದೆ ಅಂದ.

ಓಟದ ಬಗ್ಗೆ ಹೆಚ್ಚು ಹೇಳಲಾರೆ. ಕಪ್ಪು ಬೂದಿಯ ಮೇಲೆ ಆರು ಹುಡುಗರು ಒಂದೇ ಗೋಡೆಯಾಗಿ ಬಂದರು. ನಾನು ನೋಡಿದ್ದು ಒಂದೇ ಎಡಗೈ. ಅದು ಹಿಂದೆ ಹೋಯಿತು, ಮುಂದೆ ಬಂತು, ಹಿಂದೆ ಹೋಯಿತು. ದಾರ ಹತ್ತಿರ ಬಂದಾಗಲೂ ಅದು ತನ್ನ ಕೆಲಸ ಬಿಡಲಿಲ್ಲ. ಚನ್ನಬಸು ಎರಡೂ ಭುಜ ಬಿಚ್ಚಿ, ಎದೆಯನ್ನು ಪೂರ್ತಿ ಮುಂದೆ ಕೊಟ್ಟು ಗೆರೆ ದಾಟಿದ.

ಪಂಚರು ತಲೆಗೆ ತಲೆ ಕೂಡಿಸಿ ಮಾತಾಡಿದರು. ಮೂರು ಹೆಸರು ಕೂಗಿದರು. ಅವನ ಹೆಸರು ಇರಲಿಲ್ಲ. ಮೂರನೆಯವನಿಗೂ ಅವನಿಗೂ ನಡುವೆ ಇದ್ದದ್ದು ಒಂದು ಬೆರಳಿನ ಅಂತರ ಎಂದು ಆಮೇಲೆ ಸಾಹೇಬರು ಹೇಳಿದರು. ಲಿಂಗ ಕಟ್ಟಿಕೊಂಡೇ ಓಡಿದ್ದು ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ಅದರ ಮಾತು ಎತ್ತಲಿಲ್ಲ.

ನಾನು ಬರಿದಲೆಯಲ್ಲಿ ಕಟಕಟೆ ಹಿಡಿದು ನಿಂತಿದ್ದೆ. ಅವನನ್ನು ಹೇಗೆ ಸಮಾಧಾನ ಮಾಡಲಿ ಎಂದು ಯೋಚಿಸುತ್ತಿರುವಾಗ ಅವನೇ ಬಂದ, ನಗುತ್ತ ಬಂದ. ನಿನ್ನೆ ಮುಂದಿನ ಸುತ್ತಿಗೆ ಹೋದಾಗ ಒಂದು ತುತ್ತು ಇಳಿದಿರಲಿಲ್ಲ, ಇವತ್ತು ಸೋತು ನಗುತ್ತಿದ್ದ.

"ಅವರು ನನಗಿಂತ ಜೋರ ಅದಾರ ಮಾಮಾ," ಅಂದ. "ಇವತ್ತು ಗೊತ್ತಾತು. ನಿನ್ನಿ ಗೊತ್ತಾಗಿದ್ದಿಲ್ಲ."

ಅವನು ಹೇಳಿದ್ದು ನನಗೆ ತಿಳಿಯಿತು. ನಿನ್ನೆ ಅವನನ್ನು ಹಿಂದಕ್ಕೆ ಹಾಕಿದ್ದು ಅವನದೇ ಕೈ. ಇವತ್ತು ಇನ್ನೊಬ್ಬರ ಕಾಲು. ಅಂಥ ಸೋಲನ್ನು ಹೊತ್ತುಕೊಂಡು ಊರಿಗೆ ಹೋಗಬಹುದು. ಆ ಸಂಜೆ ಅವನು ಬಡಿದ ರೊಟ್ಟಿಗಳಲ್ಲಿ ನನ್ನ ಪಾಲಿಗೆ ಹೆಚ್ಚು ಉಳಿಯಲಿಲ್ಲ.

ಮತ್ತೆ ವಾಡಿ

ಮರಳುವ ಹಡಗಿನಲ್ಲಿ ನನ್ನ ಹೊಟ್ಟೆ ಸುಮ್ಮನಿತ್ತು, ತಲೆ ಸುಮ್ಮನಿರಲಿಲ್ಲ. ಚನ್ನಬಸು ಲಿಂಗವನ್ನು ಕಂಕುಳಲ್ಲೇ ಕಟ್ಟಿಕೊಳ್ಳುತ್ತಿದ್ದ, ಇದೇ ಹಗುರ ಎನ್ನುತ್ತಿದ್ದ. ಅಕ್ಕ ಹೇಳಿದ್ದು ಎದೆಯ ಮೇಲಿಂದ ಇಳಿಯಬಾರದೆಂದು. ಎದೆಯಿಂದ ಇಳಿದಿದೆ, ಮೈಯಿಂದ ಇಳಿದಿಲ್ಲ. ಅವನು ಅದನ್ನು ನನ್ನ ಮುಂದೆ ಹಿಡಿದ ಆ ಗಳಿಗೆಯಲ್ಲೂ ಅದು ಅವನ ಅಂಗೈಯಲ್ಲೇ ಇತ್ತು. ಈ ಮೊಕದ್ದಮೆಯನ್ನು ನಾನು ಅರಬ್ಬಿ ಸಮುದ್ರದ ಉದ್ದಕ್ಕೂ ತಯಾರು ಮಾಡಿದೆ. ಎದೆಯೆಂದರೆ ಏನು, ಮೈಯೆಂದರೆ ಏನು, ಹಿರಿಯರು ಎಲ್ಲೆಲ್ಲಿ ಧರಿಸಿದ್ದಾರೆ, ಎಲ್ಲ ಸಿದ್ಧವಿತ್ತು.

ವಾಡಿಯಲ್ಲಿ ಅಕ್ಕ ನಿಂತಿದ್ದಳು. ರುಮಾಲಿನ ಬದಲು ಲಂಡನ್ನಿನ ಟೊಪ್ಪಿಗೆ ಹಾಕಿದ್ದ ನನ್ನನ್ನು ಗುರುತಿಸದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಯಾರೋ ಸಾಹೇಬನೆಂದು. ಆಮೇಲೆ ಮಗನನ್ನು ಕಂಡಳು. ಕಣ್ಣೀರು ಹಾಕಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಅಂಗೈ ಇಟ್ಟಳು.

ಅಲ್ಲಿ ಏನೂ ಇರಲಿಲ್ಲ. ಅವಳ ಕೈ ಎದೆಯ ಮೇಲೆ ಆ ಕಡೆ ಈ ಕಡೆ ಹುಡುಕಿತು.

"ಅಕ್ಕಾ, ಕೇಳಿಲ್ಲಿ," ಎಂದು ನಾನು ಶುರು ಮಾಡಿದೆ.

ಚನ್ನಬಸು ಎಡಗೈ ಎತ್ತಿ ಅವಳ ಕೈಯನ್ನು ಕಂಕುಳ ಕೆಳಗೆ ಇಟ್ಟ. "ಇಲ್ಲಿ ಅದ ಯವ್ವಾ."

ಅವಳು ಒತ್ತಿ ನೋಡಿದಳು. ಪಟ್ಟಿಯ ಮೇಲೆ ಬೆರಳಾಡಿಸಿದಳು, ಗಂಟು ಸಿಕ್ಕಿತು. "ಯಾರು ಕಟ್ಯಾರ ಇದು?"

"ಮೊದಲ ಮಾಮಾ ಕಟ್ಟಿದ. ತನ್ನ ರುಮಾಲ ಹರದು. ಅವಾಗಿಂದ ನಾನೂ ಹಂಗೇ ಕಟ್ಕೋಳಿಕತ್ತೀನಿ."

ಅಕ್ಕ ನನ್ನ ಟೊಪ್ಪಿಗೆಯನ್ನು ನೋಡಿದಳು. ನಾನು ಸಮುದ್ರದುದ್ದಕ್ಕೂ ಹೊಂದಿಸಿ ತಂದ ಒಂದು ಮಾತನ್ನೂ ಅವಳು ಕೇಳಲಿಲ್ಲ. ಕೋಟಿನ ಜೇಬಿನಿಂದ ಕರಡಿಗೆ ತೆಗೆದು ಕೊಟ್ಟೆ. ಇಸಿದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಸೇಡಂ ಗಾಡಿಯಲ್ಲಿ ಮೂವರೂ ಕುಳಿತೆವು. ಅವನು ಬೂದಿಯ ಹಾದಿಯ ಬಗ್ಗೆ, ಖುರ್ಪಿಯ ಬಗ್ಗೆ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಗೆದ್ದೆಯಾ ಸೋತೆಯಾ ಎಂದು ಅವಳು ಕೇಳಿದ್ದು ನನಗೆ ನೆನಪಿಲ್ಲ. ಚಿತ್ತಾಪುರ ಹತ್ತಿರ ಬಂದಾಗ ನಾನು ಎದ್ದು ಸಾಮಾನು ಹೊಂದಿಸತೊಡಗಿದೆ.

"ತಮ್ಮಾ," ಅಂದಳು ಅಕ್ಕ. "ಆ ಹರದ ರುಮಾಲ ಎಲ್ಲಿ ಅದ?"

"ಚೀಲದಾಗ ಅದ. ಯಾಕ?"

"ಕಸದಾಗ ಒಗೀಬ್ಯಾಡ. ನಿನ್ನ ಜಗಲಿ ಮ್ಯಾಲಿನ ಲಿಂಗಕ್ಕೂ ಒಂದು ಪಟ್ಟಿ ಆಗ್ತದ."

ಗಾಡಿ ನಿಂತಿತು. ನಿಲ್ದಾಣದ ಹಮಾಲ ಚೀಲಕ್ಕೆ ಕೈ ಹಾಕಿದ. ಉಳಿದ ಸಾಮಾನೆಲ್ಲ ಅವನಿಗೆ ಕೊಟ್ಟೆ, ಅದೊಂದನ್ನು ನಾನೇ ಹಿಡಿದುಕೊಂಡು ಇಳಿದೆ.